ಹಾವು ಹಿಡಿಸಿ ಎಲ್ಲಿಗೆ ಬಿಡೋದು?

ನಮ್ಮೂರು ಮಂಡ್ಯಕ್ಕೂ ಪಾಂಡವಪುರಕ್ಕೂ ನಡುವೆ ಇದೆ. ಮನೆಯ ಹಿಂದೆ ಹಿತ್ತಲು. ಹಿತ್ತಲು ದಾಟಿದರೆ ಕಬ್ಬಿನ ಗದ್ದೆ. ಅದರಾಚೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದ ಬರುವ ಸಣ್ಣ ಕಾಲುವೆ. ನೀರು, ಬೆಳೆ, ನೆರಳು ಮೂರೂ ಇರುವ ಕಡೆ ಇಲಿ ಇರುತ್ತದೆ. ಇಲಿ ಇದ್ದ ಮೇಲೆ ಹಾವು ಬಂದೇ ಬರುತ್ತದೆ. ಕಬ್ಬು ಕಡಿಯುವ ಕಾಲದಲ್ಲಂತೂ ಜಾಸ್ತಿ. ತಿಂಗಳುಗಟ್ಟಲೆ ತಂಪಾಗಿ, ಮರೆಯಾಗಿ ಇದ್ದ ಜಾಗ ಒಂದೆರಡು ದಿನದಲ್ಲಿ ಬಯಲಾಗಿಬಿಡುತ್ತದೆ. ಒಳಗಿದ್ದ ಇಲಿ, ಹಾವು ಎಲ್ಲ ಪಕ್ಕದ ಹಿತ್ತಲುಗಳಿಗೆ ನುಗ್ಗುತ್ತವೆ.

ನಾನು ಸೊಸೆಯಾಗಿ ಬಂದಾಗ ಈ ಊರಲ್ಲಿ ಎರಡೇ ಪದ್ಧತಿ ಇತ್ತು. ನಾಗರಹಾವು ಕಂಡರೆ ಕೈ ಮುಗಿದು ದೂರ ನಿಲ್ಲೋದು. ಬೇರೆ ಯಾವ ಹಾವು ಕಂಡರೂ ದೊಣ್ಣೆ ತರೋದು. ಇಲಿ ತಿಂದು ನಮಗೆ ಉಪಕಾರ ಮಾಡುವ ಕೇರೆಹಾವೂ ಏಟು ತಿಂದು ಸಾಯುತ್ತಿತ್ತು. ಕಾಲುವೆಯಲ್ಲಿ ಕಪ್ಪೆ, ಮೀನು ಹುಡುಕುವ ನೀರೊಳ್ಳೆಯೂ ಸಾಯುತ್ತಿತ್ತು. ಈಗ ನಮ್ಮ ಬೀದಿಯಲ್ಲಿ ಹಾವು ಕಂಡರೆ ಫೋನ್ ಮಾಡಿ ಹಿಡಿಸುತ್ತಾರೆ. ಅದು ಒಳ್ಳೆಯದೇ. ಆದರೆ ಹಿಡಿಯೋದು ಸ್ವಲ್ಪ ಹೊತ್ತಿನ ಕೆಲಸ. ಹಿಡಿಯುವವರು ಬರೋವರೆಗೆ ಹೇಗೆ ಕಾಯೋದು, ಹಿಡಿದದ್ದನ್ನು ಎಲ್ಲಿ ಬಿಡೋದು, ಬಿಟ್ಟ ಮೇಲೆ ಹಿತ್ತಲನ್ನು ಏನು ಮಾಡೋದು, ಇವೇ ದೊಡ್ಡ ಕೆಲಸಗಳು. ಇವುಗಳ ಬಗ್ಗೆ ಮಾತಾಡುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗಷ್ಟೇ ರೋಹಿಣಿ ಮಳೆ ಶುರುವಾಗಿತ್ತು. ಸಂಜೆ ಹಂಡೆ ಒಲೆಗೆ ಸೌದೆ ತರಲು ಮಗಳು ಹಿತ್ತಲಿಗೆ ಹೋದಳು. ಸೌದೆಯನ್ನು ಗೋಡೆಗೆ ಒತ್ತಿ ಜೋಡಿಸಿದ್ದೆವು. ಪಕ್ಕದಲ್ಲೇ ತೆಂಗಿನ ಮಟ್ಟೆಯ ಗುಡ್ಡೆ. ಒಂದು ಸೌದೆ ಎಳೆದ ತಕ್ಷಣ ಒಳಗಿಂದ ಸದ್ದು ಬಂತು. ಕುಕ್ಕರ್‌ನಿಂದ ಹಬೆ ಹೊರಡುವ ಹಾಗೆ ಜೋರಾಗಿ, ಉದ್ದಕ್ಕೆ ಬುಸುಗುಡುವ ಸದ್ದು. ಒಮ್ಮೆ ಕೇಳಿದರೆ ಮರೆಯೋದಿಲ್ಲ. ಅವಳು ಸೌದೆ ಅಲ್ಲೇ ಬಿಟ್ಟು ಹಿಂದೆ ಹಿಂದೆ ಬಂದು ನನ್ನನ್ನು ಕೂಗಿದಳು.

ದೂರದಿಂದ ಟಾರ್ಚ್ ಬಿಟ್ಟು ನೋಡಿದೆವು. ದಪ್ಪ ಮೈ, ಕಂದು ಬಣ್ಣ. ಬೆನ್ನ ಮೇಲೆ ಮೂರು ಸಾಲಿನಲ್ಲಿ ಕಪ್ಪು ಅಂಚಿನ ಮೊಟ್ಟೆಯಾಕಾರದ ಮಚ್ಚೆಗಳು. ಸುರುಳಿ ಸುತ್ತಿಕೊಂಡು ಸೌದೆಯ ಸಂದಿಯಲ್ಲಿ ಕೂತಿತ್ತು. ಸದ್ದು ಕೇಳಿ ಪಕ್ಕದ ಮನೆ ದೊಡ್ಡಪ್ಪ ಬಂದರು. ಒಂದು ನೋಟ ನೋಡಿ, "ಹೆಬ್ಬಾವಿನ ಮರಿ ಕಣವ್ವ. ಏನೂ ಮಾಡಕಿಲ್ಲ. ಒಂದು ಗೋಣಿಚೀಲ ತತ್ತಾ, ನಾನೇ ಹಿಡ್ಕತೀನಿ" ಅಂದರು.

ಅವರನ್ನು ತಡೆದದ್ದು ನಮ್ಮ ಅತ್ತೆ. "ಹೆಬ್ಬಾವೋ ಮಂಡಲವೋ, ನೀನ್ ಮುಟ್ಟಬ್ಯಾಡ ಭಾವ" ಅಂತ ಅಡ್ಡ ನಿಂತರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಅದು ಕೊಳಕುಮಂಡಲ. ಅದನ್ನು ಹೆಬ್ಬಾವಿನ ಮರಿ ಅಂದುಕೊಂಡು ಕೈಯಲ್ಲಿ ಎತ್ತಿ ಕಚ್ಚಿಸಿಕೊಂಡವರು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಹೆಬ್ಬಾವಿನ ಮೈಮೇಲಿನ ಪಟ್ಟೆಗಳು ಅಡ್ಡಾದಿಡ್ಡಿ ಇರುತ್ತವೆ. ಕೊಳಕುಮಂಡಲದ ಮಚ್ಚೆಗಳು ಸಾಲಾಗಿ, ಅಚ್ಚುಕಟ್ಟಾಗಿ ಇರುತ್ತವೆ. ಇದನ್ನು ತಿಳಿದಿರೋದು ಒಳ್ಳೆಯದು. ಆದರೆ ಮುಸ್ಸಂಜೆಯಲ್ಲಿ, ಸೌದೆ ಸಂದಿಯಲ್ಲಿ, ಭಯದಲ್ಲಿ ಮಚ್ಚೆ ನೋಡಿ ತೀರ್ಮಾನ ಮಾಡೋಕೆ ಹೋಗಬಾರದು. ಯಾವ ಹಾವಾದರೂ ವಿಷದ ಹಾವು ಅಂತಲೇ ನಡೆದುಕೊಂಡರೆ ನಷ್ಟ ಏನಿಲ್ಲ ಅಲ್ವಾ?

ಮೈಸೂರಿನ ನಮ್ಮ ಚಿಕ್ಕಮ್ಮನ ಮನೆ ಕಡೆ ಹಾವು ಅಂದರೆ ಜನಕ್ಕೆ ಮೊದಲು ನೆನಪಾಗೋದು ಹಾವು ಹಿಡಿಯುವ ಸ್ನೇಕ್ ಶ್ಯಾಮ್ ಅವರ ಹೆಸರು. ನಮ್ಮ ಹಳ್ಳಿಯಲ್ಲಿ ಅಂಥ ಒಬ್ಬರ ನಂಬರೂ ಯಾರ ಹತ್ತಿರವೂ ಇರಲಿಲ್ಲ. ನಮ್ಮ ಯಜಮಾನರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದರು. ಅವರು ಊರು, ತಾಲ್ಲೂಕು ಕೇಳಿಕೊಂಡು, ಹತ್ತಿರದಲ್ಲಿ ಹಾವು ಹಿಡಿಯುವ ಒಬ್ಬ ಹುಡುಗನಿಗೆ ತಿಳಿಸಿದರು. ಐದೇ ನಿಮಿಷಕ್ಕೆ ಅವನಿಂದಲೇ ಫೋನ್ ಬಂತು. ಹಗಲು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ. ಇಲಾಖೆಯವರಿಗೆ ಪರಿಚಯ ಇರುವವನು.

"ಅಕ್ಕಾ, ಹತ್ರ ಹೋಗ್ಬೇಡಿ. ನಿಂತಿರೋ ಕಡೆಯಿಂದ್ಲೇ ಜೂಮ್ ಮಾಡಿ ಒಂದು ಫೋಟೋ ಕಳ್ಸಿ" ಅಂದ. ಕಳಿಸಿದೆವು. "ಕೊಳಕುಮಂಡಲ. ಇಬ್ರು ಮಾತ್ರ ದೂರ ನಿಂತು ನೋಡ್ತಾ ಇರಿ. ಕಣ್ಣು ತೆಗೀಬೇಡಿ. ಉಳಿದೋರೆಲ್ಲ ಒಳಗೆ ಹೋಗ್ಲಿ. ನಾಯಿ ಇದ್ರೆ ಕಟ್ಟಿ. ಅದು ತಾನಾಗೇ ಹೊರಟ್ರೆ ಅಡ್ಡ ಹೋಗ್ಬೇಡಿ, ಎಲ್ಲಿಗೆ ಹೋಯ್ತು ಅಂತ ಮಾತ್ರ ನೋಡ್ಕೊಳ್ಳಿ."

ಇದು ಕೇಳೋಕೆ ಸುಲಭ. ಮಾಡೋದು ಕಷ್ಟ. ಅಷ್ಟರಲ್ಲಿ ಅರ್ಧ ಬೀದಿ ನಮ್ಮ ಹಿತ್ತಲಲ್ಲಿತ್ತು. ಒಬ್ಬರು ಕಲ್ಲು ಎಸೆಯೋಣ ಅಂದರು. ಒಬ್ಬರು ಸೀಮೆಎಣ್ಣೆ ಸುರಿಯಿರಿ ಅಂದರು. ಹುಡುಗರು ಮೊಬೈಲ್ ಹಿಡಿದು ಮುಂದೆ ಮುಂದೆ ಬರುತ್ತಿದ್ದರು. ಹಾವಿಗಿಂತ ನನಗೆ ಈ ಗುಂಪಿನ ಭಯವೇ ಜಾಸ್ತಿ ಆಯಿತು. ಕಲ್ಲು ಬಿದ್ದರೆ ಅದು ಸೌದೆಯೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ, ಇಲ್ಲವೇ ಕಾಲುಗಳ ನಡುವೆ ಹೊರಡುತ್ತದೆ. ಎರಡೂ ಕೆಟ್ಟದ್ದು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಗದರಿಸಿ ಕಳಿಸಿದರು. ನಾನೂ ಯಜಮಾನರೂ ಹದಿನೈದು ಅಡಿ ದೂರದಲ್ಲಿ ಟಾರ್ಚ್ ಹಿಡಿದು ನಿಂತೆವು. ಹಾವು ಅಲುಗಲಿಲ್ಲ. ಸದ್ದು ನಿಂತ ಮೇಲೆ ಅದೂ ಸುಮ್ಮನಾಯಿತು. ನಾವು ಬಿಟ್ಟರೆ ಅದೂ ಬಿಡುತ್ತದೆ ಅಂತ ಕಣ್ಣಾರೆ ಕಂಡದ್ದು ಆಗಲೇ.

ಆ ತಮ್ಮ ಬಂದವನು ಮೊದಲು ಹಾವಿನ ಕಡೆ ಹೋಗಲಿಲ್ಲ. ಯಜಮಾನರನ್ನು ಕರೆದು, "ಗಾಡಿ ಏನಿದೆ ಅಣ್ಣ? ಕೀ ಎಲ್ಲಿದೆ?" ಅಂತ ಕೇಳಿದ. ಪಕ್ಕದ ಮನೆಯ ಓಮ್ನಿ ಇತ್ತು. ಅದನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಲು ಹೇಳಿದ. "ನಂಗೆ ಕಚ್ಲಿ, ಯಾರಿಗಾದ್ರೂ ಕಚ್ಲಿ, ಸೀದಾ ಮಂಡ್ಯ ಮಿಮ್ಸ್ ಆಸ್ಪತ್ರೆಗೆ. ದಾರೀಲಿ ಎಲ್ಲೂ ನಿಲ್ಸಂಗಿಲ್ಲ. ಮಂತ್ರ ಹಾಕೋರ ಮನೆ, ನಾಟಿ ಔಷಧಿ ಯಾವ್ದೂ ಬೇಡ" ಅಂದ. ಅವನು ಎಷ್ಟೋ ಹಾವು ಹಿಡಿದವನು. ಆದರೂ ಪ್ರತಿ ಸಲ ಇದನ್ನು ಕೇಳಿಯೇ ಶುರು ಮಾಡುತ್ತಾನಂತೆ. ಆ ಒಂದು ಪ್ರಶ್ನೆಯಿಂದಲೇ ನನಗೆ ಅವನ ಮೇಲೆ ನಂಬಿಕೆ ಬಂತು.

ಕಾಲಿಗೆ ಮೊಣಕಾಲವರೆಗಿನ ಬೂಟು. ಕೈಯಲ್ಲಿ ಉದ್ದ ಕಬ್ಬಿಣದ ಕೊಕ್ಕೆ. ಒಂದು ಪಿವಿಸಿ ಪೈಪಿನ ತುಂಡು, ಅದರ ಒಂದು ಬಾಯಿಗೆ ಬಿಗಿಯಾಗಿ ಕಟ್ಟಿದ ಕಪ್ಪು ಬಟ್ಟೆಯ ಚೀಲ. ಇಷ್ಟೇ ಸಾಮಾನು. ಮೊದಲು ಕೊಕ್ಕೆಯಿಂದಲೇ ಒಂದೊಂದೇ ಸೌದೆ ಎಳೆದು ಪಕ್ಕಕ್ಕೆ ಹಾಕಿದ. ಕೈ ಒಳಗೆ ಹಾಕಲೇ ಇಲ್ಲ. ಹಾವು ಪೂರ್ತಿ ಕಾಣುವ ಹಾಗಾದ ಮೇಲೆ ಪೈಪಿನ ಬಾಯಿಯನ್ನು ಗೋಡೆ ಮೂಲೆಗೆ ಇಟ್ಟು, ಅದು ಅಲುಗದಂತೆ ಇಟ್ಟಿಗೆ ಒತ್ತರಿಸಿದ. ಆಮೇಲೆ ಹಿಂದೆ ಸರಿದು, ಕೊಕ್ಕೆಯಿಂದ ಹಾವನ್ನು ಆ ಕಡೆ ಮೆಲ್ಲಗೆ ತಿರುಗಿಸಿದ.

ಹಾವಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಬಚ್ಚಿಟ್ಟುಕೊಳ್ಳಲು ಒಂದು ಕತ್ತಲೆ ತೂತು. ಪೈಪು ಅದಕ್ಕೆ ಬಿಲವಾಗಿ ಕಂಡಿರಬೇಕು. ಎರಡು ಸಲ ಬುಸುಗುಟ್ಟಿತು, ಒಮ್ಮೆ ಕೊಕ್ಕೆಗೆ ಬಡಿಯಿತು. ಆ ವೇಗ ನನ್ನ ಕಣ್ಣಿಗೆ ಸಿಗಲೇ ಇಲ್ಲ. ಆಮೇಲೆ ತಾನಾಗೇ ಪೈಪಿನೊಳಗೆ ಹೋಗಿ ಚೀಲ ಸೇರಿತು. ಚೀಲದ ಬಾಯಿಯನ್ನು ಕೊಕ್ಕೆಯ ಕೋಲಿನಿಂದ ಅಡ್ಡ ಒತ್ತಿ, ಪೈಪು ಬಿಡಿಸಿ, ಬಾಯಿ ತಿರುಚಿ ಗಂಟು ಹಾಕಿದ. ಚೀಲವನ್ನು ಮುಚ್ಚಳ ಇರುವ ಬಕೆಟ್ಟಿನಲ್ಲಿಟ್ಟ. ಮುಚ್ಚಳಕ್ಕೆ ಗಾಳಿಯಾಡಲು ಸಣ್ಣ ತೂತುಗಳಿದ್ದವು. "ಚೀಲ ಕಾಲ ಹತ್ರ ನೇತಾಡ್ಸಬಾರ್ದು ಅಕ್ಕ. ಇದರ ಹಲ್ಲು ಉದ್ದ, ಬಟ್ಟೆ ತೂರಿ ಬರುತ್ತೆ" ಅಂದ.

ಕತ್ತು ಹಿಡಿಯಲಿಲ್ಲ. ಬಾಲ ಹಿಡಿದು ಎತ್ತಿ ತೋರಿಸಲಿಲ್ಲ. ಹುಡುಗರು "ಅಣ್ಣಾ, ಒಂದು ಫೋಟೋ" ಅಂದರೂ ಚೀಲ ಬಿಚ್ಚಲಿಲ್ಲ. ಚಿಮ್ಮಟದಂಥ ಉದ್ದ ಇಕ್ಕಳವನ್ನೂ ಅವನು ಬಳಸೋದಿಲ್ಲ, ಬಿಗಿಯಾಗಿ ಒತ್ತಿದರೆ ಹಾವಿನ ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಹಾವನ್ನು ಮುತ್ತಿಡುವ, ಕುತ್ತಿಗೆಗೆ ಹಾಕಿಕೊಳ್ಳುವ ವಿಡಿಯೋಗಳನ್ನು ನೋಡಿದವರಿಗೆ ಇದು ಸಪ್ಪೆ ಅನ್ನಿಸಬಹುದು. ನನ್ನ ಪ್ರಕಾರ ಸಪ್ಪೆಯಾಗಿ ಮುಗಿಯೋದೇ ಸರಿಯಾದ ಕೆಲಸ.

ಆಮೇಲೆ ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಕಚ್ಚಿದರೆ ಏನು ಮಾಡಬೇಕು ಅಂತ ಹೇಳಿದ. ಹಗ್ಗ, ದಾರ ಯಾವುದನ್ನೂ ಬಿಗಿಯಾಗಿ ಕಟ್ಟಬಾರದು. ಕುಯ್ಯಬಾರದು, ಬಾಯಲ್ಲಿ ಹೀರಬಾರದು. ಬಳೆ, ಉಂಗುರ, ಕಾಲುಂಗುರ ತಕ್ಷಣ ತೆಗೆಯಬೇಕು, ಊತ ಬಂದ ಮೇಲೆ ಅವು ಹೊರಬರೋದಿಲ್ಲ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಒಂದು ಹಲಗೆಯೋ ಕೋಲೋ ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ, ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಬೇಕು, ಇಲ್ಲ ಕೈಗೆ ಸಿಕ್ಕ ಗಾಡಿ ಹಿಡಿಯಬೇಕು.

"ಕಚ್ಚಿದ ಹಾವು ಹಿಡ್ಕೊಂಡು ಹೋಗ್ಬೇಕಾ?" ಅಂತ ದೊಡ್ಡಪ್ಪ ಕೇಳಿದರು. ಬೇಡವೇ ಬೇಡ ಅಂದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿ ಸಿಗುವ ಔಷಧಿ ಒಂದೇ. ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟೋದು ನಿಲ್ಲುತ್ತದೆ, ಕಿಡ್ನಿಗೂ ಪೆಟ್ಟಾಗಬಹುದು. ಅದನ್ನು ಪತ್ತೆ ಮಾಡಲು ಡಾಕ್ಟರು ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಅಂತ ಅರ್ಥ. ಸತ್ತ ಹಾವನ್ನು ಮೇಜಿನ ಮೇಲೆ ಇಟ್ಟು ತೋರಿಸುವ ಅಗತ್ಯ ಇಲ್ಲ. ಅದನ್ನು ಹುಡುಕಲು ಹೋಗಿ ಇನ್ನೊಬ್ಬರಿಗೆ ಕಚ್ಚಿಸಿಕೊಂಡು, ಹೊತ್ತು ಕಳೆದುಕೊಳ್ಳೋದು ಬೇಕಿಲ್ಲ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಸಂಶೋಧಕರು ಅಂದಾಜು ಮಾಡಿದ್ದಾರೆ. ಬಹಳಷ್ಟು ಜನ ನಮ್ಮಂಥ ಹಳ್ಳಿಯವರು, ಹೊಲ ಗದ್ದೆಯಲ್ಲಿ ದುಡಿಯುವವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಎಷ್ಟು ಜನಕ್ಕೆ ಎಲ್ಲಿ ಕಚ್ಚುತ್ತಿದೆ ಅಂತ ಲೆಕ್ಕ ಸಿಕ್ಕರೆ ಔಷಧಿಯೂ ಅಲ್ಲಿಗೆ ಹೋಗುತ್ತದೆ. ನನಗೆ ಇದು ದೊಡ್ಡ ವಿಷಯ ಅನ್ನಿಸಿತು.

ಅಲ್ಲಿಯವರೆಗೆ ಎಲ್ಲರೂ ಒಪ್ಪಿದ್ದರು. ಜಗಳ ಬಂದದ್ದು ಹಾವನ್ನು ಎಲ್ಲಿ ಬಿಡಬೇಕು ಅನ್ನೋ ವಿಷಯಕ್ಕೆ.

"ಮೇಲುಕೋಟೆ ಕಾಡಿಗೆ ಬುಟ್ಟು ಬಾ. ಪೆಟ್ರೋಲಿಗೆ ದುಡ್ಡು ನಾನ್ ಕೊಡ್ತೀನಿ" ಅಂದರು ದೊಡ್ಡಪ್ಪ. ಊರಿನವರೆಲ್ಲ ಹೌದು ಹೌದು ಅಂದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಎರಡು ಮಕ್ಕಳಿರುವ ಮನೆ. ದೂರ ಹೋದಷ್ಟೂ ಒಳ್ಳೆಯದು ಅಂತ ಯಾವ ತಾಯಿಗೆ ಅನ್ನಿಸೋದಿಲ್ಲ?

ಅವನು ಒಪ್ಪಲಿಲ್ಲ. ಸಿಟ್ಟು ಮಾಡಿಕೊಳ್ಳದೆ, ಕೂತು ವಿವರಿಸಿದ. ಹಾವಿಗೆ ತನ್ನ ಜಾಗ ಗೊತ್ತಿರುತ್ತದೆ. ಯಾವ ಬಿಲದಲ್ಲಿ ಮಲಗಬೇಕು, ನೀರು ಎಲ್ಲಿ, ಇಲಿ ಎಲ್ಲಿ ಓಡಾಡುತ್ತದೆ, ಮುಂಗುಸಿ ಬಂದರೆ ಎಲ್ಲಿ ನುಗ್ಗಬೇಕು, ಎಲ್ಲ ಗೊತ್ತು. ಗೊತ್ತಿಲ್ಲದ ಜಾಗಕ್ಕೆ ತಂದು ಬಿಟ್ಟರೆ ಅದು ಅಲೆಯುತ್ತದೆ. ರಸ್ತೆ ದಾಟುತ್ತದೆ, ಹದ್ದಿಗೆ ಸಿಗುತ್ತದೆ, ಹಸಿವಿನಿಂದ ಸೊರಗುತ್ತದೆ. ಅಲೆಯುವ ಹಾವು ಜನರಿಗೆ ಎದುರಾಗೋದೂ ಜಾಸ್ತಿ. ಕಾಡಿನ ಅಂಚಿನಲ್ಲಿ ಯಾರೂ ಇಲ್ಲ ಅಂದುಕೊಳ್ಳಬಾರದು, ಅಲ್ಲೂ ಹಳ್ಳಿಗಳಿವೆ, ಅಲ್ಲೂ ಮಕ್ಕಳಿದ್ದಾರೆ. "ನಿಮ್ಮನೆ ಹಾವ ಇನ್ನೊಬ್ರ ಮನೆಗೆ ಕಳ್ಸಿದಂಗಾಯ್ತು ಅಷ್ಟೇ ಅಣ್ಣ."

ಇದು ಅವನ ಊಹೆಯಲ್ಲ. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳ ಮೈಯೊಳಗೆ ಸಣ್ಣ ರೇಡಿಯೋ ಟ್ರಾನ್ಸ್‌ಮೀಟರ್ ಇಟ್ಟು ಅವುಗಳ ಓಡಾಟ ನೋಡಿದ್ದಾರೆ. ದೂರ ಬಿಟ್ಟ ಕಾಳಿಂಗ, ತನ್ನ ಜಾಗದಲ್ಲೇ ಇದ್ದದ್ದಕ್ಕಿಂತ ತುಂಬ ಜಾಸ್ತಿ ಅಲೆಯಿತು. ನಮ್ಮ ಪಕ್ಕದ ಮೈಸೂರು ಜಿಲ್ಲೆಯಲ್ಲೇ, ಹುಣಸೂರು ತಾಲ್ಲೂಕಿನ ರತ್ನಪುರಿಯ ಹೊಲಗಳಲ್ಲಿ ಕೊಳಕುಮಂಡಲಗಳನ್ನೂ ಹೀಗೇ ರೇಡಿಯೋ ಹಾಕಿ ಹಿಂಬಾಲಿಸಿ ನೋಡಿದ್ದಾರೆ. ಇದನ್ನೆಲ್ಲ ನಾನು ಆಮೇಲೆ ಓದಿದೆ. ಆ ರಾತ್ರಿ ಮಾತ್ರ ನನಗೆ ನಾಟಿದ್ದು ಅವನ ಇನ್ನೊಂದು ಮಾತು. "ಇದನ್ನ ಎಷ್ಟು ದೂರ ಬಿಟ್ರೂ ನಿಮ್ಮ ಸೌದೆ, ಮಟ್ಟೆ, ಇಲಿ ಇಲ್ಲೇ ಇರ್ತವಲ್ಲ ಅಕ್ಕ. ಖಾಲಿ ಜಾಗಕ್ಕೆ ಇನ್ನೊಂದು ಬರುತ್ತೆ."

ಕೊನೆಗೆ ಒಂದು ಕಿಲೋಮೀಟರಿನೊಳಗೆ ಹಳ್ಳದ ದಂಡೆಯನ್ನು ಆರಿಸಿದ. ಕಲ್ಲು ಗುಡ್ಡೆ, ಕತ್ತಾಳೆ ಬೇಲಿ, ಇಲಿ ಬಿಲಗಳು ಇರುವ ಜಾಗ. ಮನೆ ಇಲ್ಲ, ಜನ ನಡೆಯುವ ದಾರಿ ಇಲ್ಲ. ಪಕ್ಕದ ಜಮೀನಿನವರಿಗೆ ಫೋನ್ ಮಾಡಿ ಹೇಳಿ, ಅರಣ್ಯ ಇಲಾಖೆಯವರಿಗೂ ತಿಳಿಸಿದ. ಯಜಮಾನರೂ ನಾನೂ ಜೊತೆಗೆ ಹೋದೆವು. ಬಕೆಟ್ಟನ್ನು ಮೆಲ್ಲಗೆ ಉರುಳಿಸಿ, ದೂರ ನಿಂತು ಕೊಕ್ಕೆಯಿಂದ ಚೀಲದ ತುದಿ ಎತ್ತಿದ. ಹಾವು ಹೊರಬಂದು ಕತ್ತಾಳೆ ಬುಡಕ್ಕೆ ಹರಿದು ಹೋಯಿತು. ಕೊಳಕುಮಂಡಲ ರಾತ್ರಿ ಓಡಾಡುವ ಹಾವು, ಹಾಗಾಗಿ ಕತ್ತಲಾದ ಮೇಲೆ ಬಿಡೋದೇ ಸರಿ. ಅವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ದಿನಾಂಕ, ಊರು, ಯಾವ ಹಾವು, ಎಲ್ಲಿ ಬಿಟ್ಟೆ, ಎಲ್ಲವನ್ನೂ ಮೊಬೈಲ್ ಬೆಳಕಲ್ಲಿ ಬರೆದುಕೊಂಡ. ಪೆಟ್ರೋಲಿನ ದುಡ್ಡು ಮಾತ್ರ ತೆಗೆದುಕೊಂಡ.

ಹೋಗುವಾಗ, "ಹೊಟ್ಟೆ ದಪ್ಪ ಇತ್ತು. ಇದು ಮರಿ ಹಾಕೋ ಕಾಲ. ಮಟ್ಟೆ ಗುಡ್ಡೆ ಬೇಗ ಖಾಲಿ ಮಾಡ್ಸಿ" ಅಂದ. ಕೊಳಕುಮಂಡಲ ಮೊಟ್ಟೆ ಇಡೋದಿಲ್ಲ. ಸೀದಾ ಮರಿ ಹಾಕುತ್ತದೆ, ಅದೂ ಒಂದೇ ಸಲಕ್ಕೆ ಹತ್ತಾರು. ಮರಿ ಹುಟ್ಟಿದ ಗಳಿಗೆಯಿಂದಲೇ ಅದಕ್ಕೆ ವಿಷ ಇರುತ್ತದೆ.

ಮಾರನೇ ದಿನದಿಂದ ಹಿತ್ತಲಿನ ಕೆಲಸ ಶುರುವಾಯಿತು. ಇದನ್ನು ನಾನು ವಿವರವಾಗಿ ಹೇಳಲೇಬೇಕು, ಏಕೆಂದರೆ ನಮ್ಮನ್ನು ಕಾಪಾಡಿದ್ದು ಇದೇ. ಸೌದೆಯನ್ನು ಗೋಡೆಯಿಂದ ಬಿಡಿಸಿ, ಹಿತ್ತಲಿನ ಆ ತುದಿಗೆ ಸಾಗಿಸಿದೆವು. ನೆಲದ ಮೇಲೆ ಇಡದೆ, ಸಿಮೆಂಟ್ ಇಟ್ಟಿಗೆಗಳ ಮೇಲೆ ಹಳೇ ಕಬ್ಬಿಣದ ಸರಳು ಹಾಸಿ, ಒಂದೂವರೆ ಅಡಿ ಎತ್ತರದಲ್ಲಿ ಜೋಡಿಸಿದೆವು. ಕೆಳಗೆ ಬೆಳಕು ಬೀಳಬೇಕು, ಗುಡಿಸಲು ಬರಬೇಕು. ಮಟ್ಟೆಯನ್ನು ಒಂದು ಟ್ರ್ಯಾಕ್ಟರ್ ಲೋಡ್ ಮಾಡಿ ಮಾರಿದೆವು. ಎತ್ತುವಾಗ ಯಾರೂ ಕೈಯಲ್ಲಿ ಎತ್ತಲಿಲ್ಲ, ಎಲ್ಲ ಕುಡುಗೋಲು, ಗುದ್ದಲಿಯಲ್ಲಿ ಎಳೆದು ನೋಡಿ ಆಮೇಲೆ ಬುಟ್ಟಿಗೆ ತುಂಬಿದ್ದು.

ಇಲಿಯ ವಿಷಯ ಇನ್ನೂ ಕಷ್ಟ. ರಾಗಿ, ಭತ್ತ ಚೀಲದಲ್ಲಿ ಇರುತ್ತಿತ್ತು. ಮುಚ್ಚಳ ಇರುವ ಡ್ರಮ್ಮುಗಳಿಗೆ ಬದಲಾಯಿಸಿದೆವು. ಕೋಳಿಗೆ ಹಾಕಿದ ನುಚ್ಚು ರಾತ್ರಿ ನೆಲದ ಮೇಲೆ ಉಳಿಯದಂತೆ ಗುಡಿಸಬೇಕು. ಕೋಳಿ ಗೂಡನ್ನೂ ಮನೆ ಗೋಡೆಯಿಂದ ದೂರ ಒಯ್ದೆವು. ಇಲಿ ಪಾಷಾಣ ಇಡೋಣ ಅಂತ ಯಜಮಾನರಿಗೆ ಆಸೆ ಇತ್ತು. ಆದರೆ ಪಾಷಾಣ ತಿಂದ ಇಲಿಯನ್ನು ತಿಂದು ಗೂಬೆ, ಬೆಕ್ಕು ಕೂಡ ಸಾಯಬಹುದು. ಇಲಿ ಹಿಡಿಯುವ ಗೂಬೆಯನ್ನೇ ಕೊಂದರೆ ಇಲಿ ಕಡಿಮೆ ಆಗೋದು ಹೇಗೆ? ಬಿಟ್ಟೆವು.

ಬಚ್ಚಲ ನೀರು ಹೋಗುವ ಮೋರಿಯ ಬಾಯಿಗೆ ಕಾಲಿಂಚು ಕಣ್ಣಿನ ಕಬ್ಬಿಣದ ಜಾಲರಿ ಬಡಿಸಿದೆವು. ಅದಕ್ಕಿಂತ ದೊಡ್ಡ ಕಣ್ಣಾದರೆ ಮರಿಗಳು ತೂರುತ್ತವೆ. ಹಿತ್ತಲ ಬಾಗಿಲ ಕೆಳಗೆ ಬೆರಳು ತೂರುವ ಸಂದಿ ಇತ್ತು, ರಬ್ಬರ್ ಪಟ್ಟಿ ಹಾಕಿಸಿದೆವು. ಗೋಡೆಯ ಬಿರುಕುಗಳಿಗೆ ಸಿಮೆಂಟ್. ಕಿಟಕಿಗೆ ಹಬ್ಬಿದ್ದ ಮಲ್ಲಿಗೆ ಬಳ್ಳಿಯನ್ನು ಕಡಿಯಲು ನನಗೆ ಮನಸ್ಸಿರಲಿಲ್ಲ. ಬಿಡಿಸಿ ದೂರದ ಚಪ್ಪರಕ್ಕೆ ಹಬ್ಬಿಸಿದೆ.

ಫಿನಾಯಿಲ್, ಬೆಳ್ಳುಳ್ಳಿ ನೀರು, ಸೀಮೆಎಣ್ಣೆ ಬಗ್ಗೆ ತುಂಬ ಜನ ಹೇಳುತ್ತಾರೆ. ಇವುಗಳಿಂದ ಹಾವು ದೂರ ಇರುತ್ತದೆ ಅನ್ನೋದು ಸುಳ್ಳು ಧೈರ್ಯ. ಹಿತ್ತಲಿಗೆ ನೈಲಾನ್ ಬಲೆ ಕಟ್ಟುವವರೂ ಇದ್ದಾರೆ. ಅದರಲ್ಲಿ ಹಾವು ಸಿಕ್ಕಿಕೊಂಡು, ಎಳೆ ಮೈಗೆ ಕೊರೆದು ನರಳುತ್ತದೆ. ದೊಡ್ಡಪ್ಪನ ಬೇಲಿಯಲ್ಲಿ ಹೀಗೆ ಒಂದು ದೊಡ್ಡ ಕೇರೆಹಾವು ಸಿಕ್ಕಿ, ಅದನ್ನು ಬಿಡಿಸಲು ಆ ತಮ್ಮ ಕತ್ತರಿ ಹಿಡಿದು ಅರ್ಧ ದಿನ ಕೂತಿದ್ದ. ಅಂದೇ ದೊಡ್ಡಪ್ಪ ಬಲೆ ಕಿತ್ತು ಹಾಕಿದರು. ನಾವೇ ಬೋನೋ ಅಂಟು ಹಲಗೆಯೋ ಇಟ್ಟು ಹಿಡಿಯಬಹುದಲ್ವಾ ಅಂತಲೂ ಕೇಳಿದ್ದೆವು. ಬಿದ್ದ ಹಾವನ್ನು ತೆಗೆಯೋರು ಯಾರು? ಅಪಾಯ ಇರೋದೇ ಅಲ್ಲಿ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇಲಾಖೆಯ ಒಪ್ಪಿಗೆ ಇಲ್ಲದೆ ಹಾವು ಹಿಡಿಯೋದು, ಸಾಕೋದು, ಕೊಲ್ಲೋದು ಅಪರಾಧ.

ಶ್ರಾವಣಕ್ಕೆ ಸ್ವಲ್ಪ ಮುಂಚೆ ಬಚ್ಚಲಮನೆಯ ಹಂಡೆ ಒಲೆ ಪಕ್ಕ ನಾಗರಹಾವು ಕಂಡಿತು. ಮೋರಿಗೆ ಜಾಲರಿ ಇತ್ತು, ಆದರೆ ಬಾಗಿಲು ತೆರೆದೇ ಇತ್ತು. ಕಪ್ಪೆ ಹಿಂದೆ ಬಂದಿರಬೇಕು. ಈ ಸಲ ಗಲಾಟೆ ಆಗಲಿಲ್ಲ. ಬಚ್ಚಲ ಬಾಗಿಲು ಎಳೆದು, ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ತುರುಕಿ, ಹೊರಗೆ ಕೂತೆವು. ಅವನು ಬಂದು ಅದೇ ಪೈಪು, ಅದೇ ಚೀಲದಲ್ಲಿ ಹಿಡಿದ. ಹೆಡೆ ಎತ್ತಿದಾಗ ಅವನು ಅಲುಗದೆ ನಿಂತ. ಅಲುಗಾಟ ನಿಂತರೆ ಅದು ಹೆಡೆ ಇಳಿಸುತ್ತದೆ, ಇಳಿಸಿದ ಮೇಲೆ ಕತ್ತಲೆ ಹುಡುಕುತ್ತದೆ.

ಅತ್ತೆ ಬಕೆ‌ಟ್ಟಿಗೆ ಕೈ ಮುಗಿದು ಒಂದು ಲೋಟ ಹಾಲು ತಂದರು. ಅವನು ನಗಲಿಲ್ಲ, ಬೈಯಲೂ ಇಲ್ಲ. "ಅಜ್ಜಿ, ಇದು ಹಾಲು ಕುಡಿಯೋ ಪ್ರಾಣಿ ಅಲ್ಲ. ಹುತ್ತಕ್ಕೆ ಹಾಲು, ಅರಿಶಿನ, ಕುಂಕುಮ ಹಾಕಿದ್ರೆ ಒಳಗಿರೋದಕ್ಕೆ ಉಸಿರುಕಟ್ಟುತ್ತೆ. ನಿಮ್ಮ ಭಕ್ತಿ ನಾಗರಕಲ್ಲಿಗೆ ಸಲ್ಲಿಸಿ, ನಾಗಪ್ಪನಿಗೂ ಒಳ್ಳೇದು" ಅಂದ. ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆ ವರ್ಷದ ನಾಗರಪಂಚಮಿಗೆ ಅರಳಿಕಟ್ಟೆಯ ನಾಗರಕಲ್ಲಿಗೇ ತನಿ ಎರೆದರು. ಗದ್ದೆ ಬದುವಿನ ಹುತ್ತವನ್ನು ಮುಟ್ಟಲಿಲ್ಲ. ನಂಬಿಕೆಯನ್ನು ಕೆಡಿಸದೆ ನಡತೆಯನ್ನು ಬದಲಾಯಿಸುವ ಆ ಹುಡುಗನ ರೀತಿ ನನಗೆ ತುಂಬ ಇಷ್ಟವಾಯಿತು.

ನನ್ನನ್ನು ನಿಜವಾಗಿ ನಡುಗಿಸಿದ್ದು ಆಮೇಲೆ ಬಂದ ಕಟ್ಟುಹಾವು. ಕೆಲವರು ಇದನ್ನು ಕಡಂಬಳ ಅನ್ನುತ್ತಾರೆ. ಮಳೆಯ ರಾತ್ರಿ. ಕರೆಂಟ್ ಹೋಗಿತ್ತು. ಅತ್ತೆ ಯಾವಾಗಲೂ ನಡುಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗುವವರು. ನೀರು ಕುಡಿಯಲು ಎದ್ದ ಮಗ ಟಾರ್ಚ್ ಹಾಕಿದ. ಚಾಪೆಯಿಂದ ಎರಡು ಮೊಳ ಆಚೆ, ಗೋಡೆ ಬುಡದಲ್ಲಿ, ಹೊಳೆಯುವ ಕಪ್ಪು ಹಾವು. ಮೈಮೇಲೆ ತೆಳ್ಳಗಿನ ಬಿಳಿ ಗೆರೆಗಳು. "ಅಜ್ಜಿ, ಎಡಗಡೆ ತಿರುಗದೆ ಎದ್ದು ಬಾ" ಅಂತ ಮೆಲ್ಲಗೆ ಹೇಳಿ ಕರೆದುಕೊಂಡ. ಹನ್ನೆರಡು ತುಂಬದ ಹುಡುಗ, ಕಿರುಚಲಿಲ್ಲ.

ಇದನ್ನು ಹೋಲುವ ತೋಳದ ಹಾವು ಅಂತ ಇದೆ, ಅದಕ್ಕೆ ವಿಷ ಇಲ್ಲ. ಕಟ್ಟುಹಾವಿನ ಗೆರೆಗಳು ಹೆಚ್ಚಾಗಿ ಜೋಡಿ ಜೋಡಿಯಾಗಿದ್ದು, ತಲೆ ಕಡೆ ಮಾಸಿ, ಬಾಲದ ಕಡೆ ಸ್ಪಷ್ಟ ಆಗುತ್ತವೆ. ತೋಳದ ಹಾವಿನದ್ದು ಉಲ್ಟಾ. ಆ ರಾತ್ರಿ ನಾವು ಗೆರೆ ನೋಡುತ್ತಾ ನಿಲ್ಲಲಿಲ್ಲ. ಎಲ್ಲರೂ ಜಗಲಿಗೆ ಬಂದು ನಡುಮನೆಯ ಬಾಗಿಲು ಮುಚ್ಚಿ ಸಂದಿಗೆ ಬಟ್ಟೆ ತುರುಕಿದೆವು. ಹಾವು ಹಿಡಿಯುವ ನಮ್ಮ ಗ್ಯಾರೇಜಿನ ಹುಡುಗ ಬೇರೆ ಊರಲ್ಲಿದ್ದ. ಮತ್ತೆ 1926ಕ್ಕೆ ಹೇಳಿದಾಗ ಶ್ರೀರಂಗಪಟ್ಟಣ ಕಡೆಯಿಂದ ಇನ್ನೊಬ್ಬರು ಬಂದರು. ಕಟ್ಟುಹಾವೇ ಅಂದರು. ಅಟ್ಟದ ಕೆಳಗಿನ ಪೆಟ್ಟಿಗೆಗಳನ್ನು ಒಂದೊಂದೇ ಸರಿಸಿ ಹುಡುಕಿ ಹಿಡಿದರು. ಅಲ್ಲಿಯವರೆಗೆ ಯಾರೂ ಕಣ್ಣು ಮುಚ್ಚಲಿಲ್ಲ.

ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುತ್ತದೆ. ಎಷ್ಟೋ ಸಲ ನೋವೇ ಆಗೋದಿಲ್ಲ, ಗಾಯವೂ ಕಾಣೋದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಆಮೇಲೆ ರೆಪ್ಪೆ ಭಾರವಾಗಿ ಕಣ್ಣು ತೆರೆಯಲು ಆಗೋದಿಲ್ಲ, ನುಂಗಲು ಕಷ್ಟ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರು ಬೆಳಿಗ್ಗೆ ಕಾರಣ ಇಲ್ಲದೆ ಹೊಟ್ಟೆನೋವು ಅಂದು, ಅವರ ರೆಪ್ಪೆ ಜೋತುಬಿದ್ದರೆ, ಅಜೀರ್ಣ ಅಂತ ಕಷಾಯ ಕೊಟ್ಟು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಟ್ಟುಹಾವು ಕಚ್ಚಿರಬಹುದು ಅಂತ ಬಾಯಿ ಬಿಟ್ಟು ಹೇಳಿ.

ಅತ್ತೆಗೆ ಮಂಚ ತರುವ ಮಾತು ಮುಂಚೆಯೂ ಬಂದಿತ್ತು. ನೆಲದ ತಂಪು ಬಿಟ್ಟು ನಿದ್ದೆ ಬರೋದಿಲ್ಲ ಅಂತ ಒಪ್ಪಿರಲಿಲ್ಲ. ಈಗ ಒಪ್ಪಿದರು, ಹಗ್ಗದ ಮಂಚವೇ ಬೇಕು, ಮೇಲೆ ಅದೇ ಚಾಪೆ ಹಾಸಬೇಕು ಅನ್ನುವ ಷರತ್ತಿನ ಮೇಲೆ. ಗೋಡೆಯಿಂದ ಒಂದು ಮೊಳ ದೂರ ಹಾಕಿದ್ದೇವೆ. ಸೊಳ್ಳೆ ಪರದೆ ಕಟ್ಟಿದ್ದೇವೆ. ಪರದೆಯನ್ನು ಸುಮ್ನೆ ಇಳಿಬಿಟ್ಟರೆ ಸಾಲದು, ಸುತ್ತಲೂ ಹಾಸಿಗೆ ಕೆಳಗೆ ಸಿಕ್ಕಿಸಬೇಕು. ದಿಂಬಿನ ಪಕ್ಕ ಟಾರ್ಚ್ ಇರುತ್ತದೆ.

ಈಗ ಹಾಲಿನ ಡೈರಿಯಲ್ಲಿ ಸಾಲು ನಿಂತ ಹೆಂಗಸರಿಗೆ ಅತ್ತೆಯೇ ಹೇಳುತ್ತಾರೆ. "ಮಳೆಗಾಲ ಕಣ್ರವ್ವ, ನೆಲದ ಮ್ಯಾಲೆ ಮಕ್ಕಳ ಮಲಗಿಸ್ಬ್ಯಾಡಿ. ಮಂಚ ಇಲ್ದಿದ್ರೆ ಪರದೆನಾದ್ರೂ ಕಟ್ಟಿ." ಕೆಲವರು ಪರದೆ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ಮನೆಗೆ ಬರುತ್ತಾರೆ. ಡೈರಿಯ ಗೋಡೆಗೆ ಒಂದು ರಟ್ಟು ಅಂಟಿಸಿದ್ದೇವೆ. ದಪ್ಪ ಅಕ್ಷರದಲ್ಲಿ ಬರೆದದ್ದು ನನ್ನ ಮಗಳು. ಹಾವು ಕಂಡರೆ 1926. ಹಾವು ಕಚ್ಚಿದರೆ 108.